‘ನಮ್ಮ ಹುಡುಗ’ನಿಗೂ ಒಂದು ನೇಮಕಾತಿ ಪತ್ರ ಬೇಕು

ನಾಸಿಕ್: ಪಂಚವಟಿ ಎಂದ ಕೂಡಲೇ ಊರಿನಲ್ಲಿರುವ ನಮ್ಮ ಹಿರಿಯರ ಕಣ್ಣಿಗೆ ಕಟ್ಟುವುದು ಶ್ರೀರಾಮನ ಪರ್ಣಕುಟಿ, ಸೀತಾಗುಂಫಾ, ಕಾಳಾರಾಮ ಮಂದಿರ. ಗೋದಾವರಿಯ ದಡದಲ್ಲಿ ಬದುಕು ಕಟ್ಟಿಕೊಂಡ ತುಳು-ಕನ್ನಡಿಗರಿಗಾದರೋ ಪಂಚವಟಿ ಎಂದರೆ ನಸುಕಿನಲ್ಲೇ ಹೊತ್ತಿಕೊಳ್ಳುವ ಒಲೆ, ರಾಮಕುಂಡದಲ್ಲಿ ಮಿಂದು ಬರುವ ಯಾತ್ರಿಕರಿಗೆ ಬಿಸಿ ಇಡ್ಲಿ-ಸಾಂಬಾರ್, ತಡರಾತ್ರಿಯ ತನಕ ಬಿಡುವಿಲ್ಲದ ಗಲ್ಲಾ. 2015ರ ಬಳಿಕದ ಸಿಂಹಸ್ಥ ಕುಂಭಮೇಳದ ಮುಖ್ಯ ಸ್ನಾನಗಳು 2027ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಿಗೆ ನಿಗದಿಯಾಗಿವೆ. ಮೇಳ ಎಂದರೆ ಜನ, ಜನ ಎಂದರೆ ವ್ಯಾಪಾರ. ಎಂಟು ಮಂದಿ ದುಡಿಯುವಲ್ಲಿ ಹದಿನಾಲ್ಕು ಮಂದಿ ಬೇಕಾಗುತ್ತಾರೆ. ಅವರು ಎಲ್ಲಿಂದ ಬರುತ್ತಾರೆ ಎಂಬ ಚಿಂತೆ ನಮ್ಮ ಉದ್ಯಮಿಗಳಿಗೆ ಸದಾ ಇದ್ದದ್ದೇ. ಬಂದವರ ಹೆಸರು ಯಾವ ಪುಸ್ತಕದಲ್ಲಿ ಬರೆಯಲ್ಪಡುತ್ತದೆ ಎಂಬ ಚಿಂತೆ ಮಾತ್ರ ಕಡಿಮೆ.

ಈ ಲೇಖನ ಆ ಪುಸ್ತಕದ ಬಗ್ಗೆ. ಕಾನೂನು ಎಂದ ಕೂಡಲೇ ಪುಟ ತಿರುಗಿಸುವ ಓದುಗ ಬಂಧುಗಳು ದಯಮಾಡಿ ಸ್ವಲ್ಪ ತಾಳಿಕೊಳ್ಳಬೇಕು. ಇಲ್ಲಿ ಹೇಳುವ ಕೆಲವು ಲೆಕ್ಕಗಳು ಒಂದು ಹೊಟೇಲನ್ನು ಉಳಿಸಬಲ್ಲವು, ಇಲ್ಲವೇ ಮುಚ್ಚಿಸಬಲ್ಲವು.

ಮಾಣಿಯ ಕಾಲ

ಕರಾವಳಿಯ ಹಳ್ಳಿಗಳಿಂದ ಮಹಾರಾಷ್ಟ್ರದ ಪೇಟೆಗಳಿಗೆ ಹುಡುಗರು ಬಂದ ಬಗೆ ಎಲ್ಲರಿಗೂ ಗೊತ್ತಿರುವುದೇ. ಊರಿನ ಪರಿಚಯದ ಧಣಿಯೊಬ್ಬರು ಹಬ್ಬಕ್ಕೋ ಮದುವೆಗೋ ಬಂದಾಗ ತಂದೆ ತನ್ನ ಮಗನನ್ನು ಅವರ ಕೈಗೆ ಒಪ್ಪಿಸುತ್ತಿದ್ದ. ಹುಡುಗ ಟೇಬಲ್ ಒರೆಸುವುದರಿಂದ ಆರಂಭಿಸಿ ಮಾಣಿಯಾಗಿ, ಮುಂದೆ ಗಲ್ಲಾದಲ್ಲಿ ಕೂರುವವನಾಗಿ, ಕೆಲವರು ತಾವೇ ಮಾಲಕರಾಗಿ ಬೆಳೆದರು. ಸಂಬಳ ಕೈಗೆ ಸಿಗುತ್ತಿದ್ದುದು ಅಪರೂಪ. ಮಾಲಕರೇ ಮನಿಯಾರ್ಡರ್ ಮಾಡುತ್ತಿದ್ದರು, ಉಳಿದದ್ದು ಅವರ ಬಳಿಯೇ ಜಮೆ. ನಿದ್ದೆ ಹೊಟೇಲಿನ ಟೇಬಲುಗಳ ಮೇಲೆ. ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಹೋಗುವಾಗ ಕೈಗೆ ಒಂದು ಮೊತ್ತ, ಬಸ್ಸಿನ ಖರ್ಚು, ಜತೆಗೊಂದು ಹೊಸ ಅಂಗಿ. ಇದರಲ್ಲಿ ಪ್ರೀತಿ ಇತ್ತು, ಇಲ್ಲವೆನ್ನಲಾಗದು. ಅನೇಕರು ಹಗಲು ದುಡಿದು ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಕಲಿತದ್ದೂ ಸತ್ಯ. ಲೆಕ್ಕಪತ್ರ ಮಾತ್ರ ಇರಲಿಲ್ಲ, ಇದ್ದರೂ ಅದು ಮಾಲಕರ ತಲೆಯಲ್ಲಿ ಇತ್ತು.

ಅದೇ ಕರಾವಳಿಯಿಂದ ಇನ್ನೊಂದು ಧ್ವನಿಯೂ ಎದ್ದಿತ್ತು ಎಂಬುದನ್ನು ಮರೆಯಬಾರದು. ಬೆಂಗಳೂರಿನ ಸೆಮಿನರಿ ತೊರೆದು ಬಂದ ತರುಣ ಜಾರ್ಜ್ ಫೆರ್ನಾಂಡಿಸ್ ಕಾರ್ಮಿಕ ಚಳವಳಿಯ ಮೊದಲ ಪಾಠ ಕಲಿತದ್ದು 1949ರ ಸುಮಾರಿಗೆ ಮಂಗಳೂರಿನಲ್ಲಿ, ಸಾರಿಗೆ ಹಾಗೂ ಹೊಟೇಲ್ ಕೆಲಸಗಾರರ ನಡುವೆ. ಮುಂಬಯಿಯ ಟ್ಯಾಕ್ಸಿಯವರು, ಮಹಾನಗರಪಾಲಿಕೆಯ ನೌಕರರೆಲ್ಲ ಆ ನಂತರದ ಮಾತು. ನಮ್ಮ ಸಮುದಾಯ ದೇಶಕ್ಕೆ ಹೊಟೇಲ್ ಮಾಲಕರನ್ನಷ್ಟೇ ಕೊಟ್ಟದ್ದಲ್ಲ.

ಪಂಚವಟಿಗೂ ಈ ವಿಷಯಕ್ಕೂ ಇನ್ನೊಂದು ನಂಟಿದೆ. ಕಾಳಾರಾಮ ಮಂದಿರದ ಬಾಗಿಲಲ್ಲಿ 1930ರ ಮಾರ್ಚ್ 2ರಂದು ಪ್ರವೇಶ ಸತ್ಯಾಗ್ರಹ ಆರಂಭಿಸಿದ ಡಾ. ಬಿ.ಆರ್. ಅಂಬೇಡ್ಕರ್, 1942ರಿಂದ 1946ರ ತನಕ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಂಡರು. ಕಾರ್ಖಾನೆಗಳಲ್ಲಿ ವಾರಕ್ಕೆ 48 ಗಂಟೆ ಎಂಬ ಮಿತಿ 1946ರಲ್ಲಿ ಬಂತು. ಕಾರ್ಮಿಕರ ಆರೋಗ್ಯ ವಿಮೆಗೆ ಅಡಿಪಾಯ ಬಿದ್ದದ್ದೂ ಆ ವರ್ಷಗಳಲ್ಲೇ, ಅದು 1948ರಲ್ಲಿ ಇಎಸ್‌ಐ ಕಾಯ್ದೆಯಾಯಿತು.

ಇಂದು ಊರಿನಿಂದ ಹುಡುಗರು ಬರುವುದು ಬಹುತೇಕ ನಿಂತಿದೆ. ಅಡುಗೆ ಮನೆಯಲ್ಲಿ ಒಡಿಶಾ, ಬಿಹಾರ, ಉತ್ತರ ಪ್ರದೇಶ, ನೇಪಾಳದ ಮಾತು ಕೇಳಿಸುತ್ತದೆ. ಪಾತ್ರೆ ತೊಳೆಯಲು, ತರಕಾರಿ ಹೆಚ್ಚಲು ಬರುವವರು ಇಲ್ಲಿನವರೇ ಆದ ಮಾವಶಿಗಳು. ಮರಾಠಿಗರ ಬಾಯಲ್ಲಿ ‘ಅಣ್ಣಾ’ ಎನಿಸಿಕೊಂಡ ನಮ್ಮ ಮಾಲಕರು ಅವರನ್ನೂ ‘ನಮ್ಮ ಹುಡುಗರು’ ಎಂದೇ ಕರೆಯುತ್ತಾರೆ. ಆದರೆ ಅವನ ತಂದೆಯ ಪರಿಚಯ ನಮಗಿಲ್ಲ, ನಮ್ಮ ಊರಿನ ಪರಿಚಯ ಅವನಿಗಿಲ್ಲ. ಮೊದಲು ಮಾತಿಗೆ ಜಾಮೀನಾಗಿ ಊರು ಇತ್ತು. ಈಗ ಆ ಜಾಗದಲ್ಲಿ ಇರಬೇಕಾದದ್ದು ಕಾಗದ.

ಎಷ್ಟು ಮಂದಿ?

ಮಹಾರಾಷ್ಟ್ರದಲ್ಲಿ ಅಂಗಡಿ ತೆರೆದವರಿಗೆಲ್ಲ ‘ಗುಮಾಸ್ತಾ’ ಲೈಸೆನ್ಸ್ ಗೊತ್ತು. 1948ರ ಹಳೆಯ ಕಾಯ್ದೆಯ ಬದಲಿಗೆ ಬಂದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 2017ರ ಡಿಸೆಂಬರ್ 19ರಂದು ಜಾರಿಯಾಯಿತು. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ನೋಂದಣಿ, ಕಡಿಮೆಯಿದ್ದರೆ ಆನ್‌ಲೈನ್ ಮೂಲಕ ಸೂಚನೆ ಕೊಟ್ಟರೆ ಸಾಕು ಎಂದು ಅದು ಹೇಳಿತು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ, ವಾರಕ್ಕೊಂದು ಪೂರ್ಣ ದಿನ ರಜೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರ, ವರ್ಷಕ್ಕೆ ಎಂಟು ಸಾಂದರ್ಭಿಕ ರಜೆ, ಎಂಟು ಹಬ್ಬದ ರಜೆ. ಹಬ್ಬದ ರಜೆಗಳಲ್ಲಿ ನಾಲ್ಕು ಖಾಯಂ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2. ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆ, ಅದನ್ನು 45 ದಿನಗಳ ತನಕ ಕೂಡಿಡಬಹುದು.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಕಾಯ್ದೆಯ ಕೆಲವು ಅಂಕೆಗಳನ್ನು ಬದಲಿಸಲು ಒಪ್ಪಿಗೆ ನೀಡಿತು. ದಿನದ ಮಿತಿ ಹತ್ತು ಗಂಟೆಗೆ, ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆಯ ಮಿತಿ 125ರಿಂದ 144 ಗಂಟೆಗೆ, ಕಾಯ್ದೆ ಪೂರ್ಣವಾಗಿ ಅನ್ವಯವಾಗುವ ಸಂಖ್ಯೆ ಹತ್ತರಿಂದ ಇಪ್ಪತ್ತಕ್ಕೆ. ಈ ಸುದ್ದಿ ಕೇಳಿ ಹೊಟೇಲ್ ವಲಯದಲ್ಲಿ ಸಂತಸ ಪಟ್ಟವರು ಹಲವರು. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೊಡಬೇಕೆಂಬ ಮಾತು ಅದರಲ್ಲೂ ಉಳಿದಿದೆ ಎಂಬುದನ್ನು ಗಮನಿಸಿದವರು ಕಡಿಮೆ.

ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆ ಹುಟ್ಟುವುದು. ಗುಮಾಸ್ತಾದ ಸಂಖ್ಯೆ ಇಪ್ಪತ್ತಾಯಿತು ಎಂದರೆ ಎಲ್ಲ ಕಾಯ್ದೆಗಳ ಸಂಖ್ಯೆಯೂ ಇಪ್ಪತ್ತಾಯಿತು ಎಂದು ಅರ್ಥವಲ್ಲ. ಇಎಸ್‌ಐಗೆ ಹತ್ತು. ಗ್ರಾಚ್ಯುಯಿಟಿಗೆ ಹತ್ತು. ಭವಿಷ್ಯ ನಿಧಿ ಅಂದರೆ ಪಿಎಫ್‌ಗೆ ಇಪ್ಪತ್ತು. ಲೈಂಗಿಕ ಕಿರುಕುಳ ತಡೆಯ ಸಮಿತಿಗೆ ಹತ್ತು. ಕನಿಷ್ಠ ವೇತನಕ್ಕಂತೂ ಸಂಖ್ಯೆಯೇ ಇಲ್ಲ, ಒಬ್ಬನೇ ಒಬ್ಬ ಕೆಲಸಗಾರನಿದ್ದರೂ ಅದು ಅನ್ವಯ. ಹದಿಮೂರು ಮಂದಿ ದುಡಿಯುವ ಹೊಟೇಲಿನ ಮಾಲಕರು ‘ನಮ್ಮದು ಸಣ್ಣದು, ನಮಗೆ ಏನೂ ಇಲ್ಲ’ ಎಂದು ನಿಶ್ಚಿಂತೆಯಿಂದಿದ್ದರೆ ಅದು ಅಪಾಯದ ನಿಶ್ಚಿಂತೆ. ಗುತ್ತಿಗೆದಾರನ ಮೂಲಕ ಬಂದವರೂ ಎಣಿಕೆಗೆ ಸೇರುತ್ತಾರೆ. ಒಮ್ಮೆ ಸಂಖ್ಯೆ ಮುಟ್ಟಿ ಇಎಸ್‌ಐ ಅಥವಾ ಪಿಎಫ್ ಅನ್ವಯವಾದರೆ, ಮೇಳ ಮುಗಿದು ಜನ ಕಡಿಮೆಯಾದರೂ ಅದು ಮುಂದುವರಿಯುತ್ತದೆ. ಈ ಕಾರಣಕ್ಕಾಗಿಯೇ ಕೆಲವರು ಒಂಬತ್ತರಲ್ಲೇ ಹಾಜರಿ ಪುಸ್ತಕ ನಿಲ್ಲಿಸಿ, ಹತ್ತನೆಯವನಿಂದ ಮುಂದಕ್ಕೆ ಹೆಸರೇ ಬರೆಯುವುದಿಲ್ಲ. ಆ ಜಾಣತನದ ಬೆಲೆ ಎಷ್ಟೆಂದು ಮುಂದೆ ನೋಡೋಣ.

2025ರ ನವೆಂಬರ್ 21

ಆ ದಿನ ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷೆ – ಹೀಗೆ ನಾಲ್ಕರಲ್ಲಿ 29 ಹಳೆಯ ಕಾಯ್ದೆಗಳು ಕರಗಿದವು. ರಾಜ್ಯದ ಗುಮಾಸ್ತಾ ಕಾಯ್ದೆ ಇದರಲ್ಲಿ ಕರಗಿಲ್ಲ, ಅದು ಬೇರೆಯಾಗಿಯೇ ಉಳಿದಿದೆ. ಬಾಲಕಾರ್ಮಿಕ ನಿಷೇಧ ಕಾಯ್ದೆಯೂ ಹಾಗೆಯೇ. ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳ ಆಕ್ಷೇಪಗಳು ಏನೇ ಇರಲಿ, ನಮ್ಮ ಹೊಟೇಲು, ಕೇಟರಿಂಗ್, ವಾಳೂಜ್-ಸಾತಪುರದ ಸಣ್ಣ ಕಾರ್ಖಾನೆಗಳಿಗೆ ಅವು ತಂದಿರುವ ಕೆಲವು ಬದಲಾವಣೆಗಳು ನೇರವಾಗಿ ಮುಟ್ಟುತ್ತವೆ.

ಮೊದಲನೆಯದು ನೇಮಕಾತಿ ಪತ್ರ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಪ್ರತಿಯೊಬ್ಬರಿಗೂ ಪತ್ರ ಕೊಡಬೇಕು. ಹಿಂದಿನಿಂದಲೂ ದುಡಿಯುತ್ತಿದ್ದು ಪತ್ರವಿಲ್ಲದವರಿಗೆ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕೆಂದು ಅದರಲ್ಲೇ ಬರೆದಿದೆ. ಆ ಅವಧಿ ಕಳೆದ ಮೇಲೂ ಕೊಡದಿರುವವರು ಇದ್ದರೆ ಇಂದೇ ಕೊಡುವುದು ಲೇಸು. ಅದರಲ್ಲಿ ದೊಡ್ಡ ಇಂಗ್ಲಿಷ್ ಬೇಕಾಗಿಲ್ಲ. ಹೆಸರು, ಕೆಲಸ, ಸೇರಿದ ದಿನ, ಸಂಬಳ, ಕೆಲಸದ ವೇಳೆ. ಹುಡುಗನಿಗೆ ಓದಲು ಬರುವ ಹಿಂದಿಯಲ್ಲೂ ಒಂದು ಪ್ರತಿ ಇದ್ದರೆ ಒಳ್ಳೆಯದು.

ಈ ಪತ್ರ ಕೆಲಸಗಾರನಿಗೆ ಮಾತ್ರ ರಕ್ಷೆ ಎಂದು ಭಾವಿಸುವವರು ಒಮ್ಮೆ ಕಾರ್ಮಿಕ ನ್ಯಾಯಾಲಯದ ಹೊರಗೆ ನಿಂತು ನೋಡಬೇಕು. ಸೇರಿದ ದಿನ ಯಾವುದು, ಸಂಬಳ ಎಷ್ಟು ಎಂಬ ತಕರಾರಿನಲ್ಲಿ ಕಾಗದ ತೋರಿಸಬೇಕಾದವರು ಮಾಲಕರು. ಬ್ಯಾಂಕಿನ ಮೂಲಕ ಸಂಬಳ ಕೊಡದೆ, ಸಹಿ ಪಡೆಯದೆ ಹತ್ತು ವರ್ಷ ನಡೆಸಿದವರಿಗೆ ತೋರಿಸಲು ಏನೂ ಇರುವುದಿಲ್ಲ. ಬಾಕಿ ವೇತನಕ್ಕಾಗಿ ಮೂರು ವರ್ಷಗಳ ತನಕ ಅರ್ಜಿ ಹಾಕಬಹುದು. ಅಧಿಕಾರಿಯು ಬಾಕಿಯ ಜತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರವನ್ನೂ ವಿಧಿಸಬಹುದು.

ಊಟ, ಹಾಸಿಗೆ, ಸಂಬಳ

‘ಊಟ ನಮ್ಮದೇ, ಮಲಗುವುದೂ ನಮ್ಮಲ್ಲೇ, ಮತ್ತೆ ಕನಿಷ್ಠ ವೇತನ ಪೂರ್ತಿ ಕೊಡುವುದು ಹೇಗೆ?’ – ಇದು ಹೊಟೇಲ್ ಉದ್ಯಮದ ಹಳೆಯ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ದಿನಕ್ಕೆ ಎರಡು ಊಟ, ತಿಂಡಿ, ಚಹಾ ಎಂದರೆ ಖರ್ಚು ಸಣ್ಣದಲ್ಲ. ವೇತನ ಸಂಹಿತೆ ಇದಕ್ಕೊಂದು ಅಳತೆ ಇಟ್ಟಿದೆ: ವಸ್ತು ರೂಪದಲ್ಲಿ ಕೊಡುವುದನ್ನು ಒಟ್ಟು ವೇತನದ ಶೇ. 15ರ ತನಕ ಮಾತ್ರ ವೇತನವೆಂದು ಲೆಕ್ಕ ಹಿಡಿಯಬಹುದು. ಸಂಬಳದಿಂದ ಮಾಡುವ ಎಲ್ಲ ಕಡಿತಗಳು ಸೇರಿ ಅರ್ಧವನ್ನು ಮೀರುವಂತಿಲ್ಲ. ಗ್ಲಾಸು ಒಡೆದದ್ದಕ್ಕೆ, ತಡವಾಗಿ ಬಂದದ್ದಕ್ಕೆ ಮನಬಂದಂತೆ ದಂಡ ಹಾಕುವಂತಿಲ್ಲ, ದಂಡದ ಒಟ್ಟು ಮೊತ್ತ ಆ ಅವಧಿಯ ವೇತನದ ಶೇ. 3ರೊಳಗೆ.

ಮಹಾರಾಷ್ಟ್ರದಲ್ಲಿ ಹೊಟೇಲ್ ಉದ್ಯಮಕ್ಕೆ ಕನಿಷ್ಠ ವೇತನ ಬೇರೆಯಾಗಿ ನಿಗದಿಯಾಗುತ್ತದೆ, ವಲಯಕ್ಕೊಂದು ದರ. ಅದರ ಮೇಲಿನ ವಿಶೇಷ ಭತ್ಯೆ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ ಬದಲಾಗುತ್ತದೆ. ಬಹುಪಾಲು ತಕರಾರುಗಳು ಹುಟ್ಟುವುದು ಈ ಜುಲೈ-ಜನವರಿಯ ಬದಲಾವಣೆಯನ್ನು ಯಾರೂ ನೋಡದೆ ಇರುವುದರಿಂದ. ವ್ಯಾಪಾರ ಇಲ್ಲ, ಕೊಡಲು ಶಕ್ತಿ ಇಲ್ಲ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 1961ರಲ್ಲಿ ಕೇರಳದ ಹೆಂಚು ಕಾರ್ಖಾನೆಗಳ ಮಾಲಕರು ಇದೇ ವಾದ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದರು, ಉಣ್ಣಿಚೋಯಿ ಪ್ರಕರಣ ಎಂದು ಅದು ಪ್ರಸಿದ್ಧ. ಕನಿಷ್ಠ ವೇತನ ನಿಗದಿಪಡಿಸುವಾಗ ಮಾಲಕನ ಶಕ್ತಿ ನೋಡಬೇಕಾಗಿಲ್ಲ ಎಂದಿತು ನ್ಯಾಯಾಲಯ. ಮಂಗಳೂರು ಹೆಂಚಿನ ಊರಿನವರಾದ ನಮಗೆ ಆ ತೀರ್ಪು ದೂರದ್ದೇನಲ್ಲ. 1982ರಲ್ಲಿ ದಿಲ್ಲಿಯ ಏಷ್ಯಾಡ್ ಕಾಮಗಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದೇ ಹೇಳಿತು.

ಕೆಲಸ ಬಿಟ್ಟವನ ಬಾಕಿಯ ಬಗ್ಗೆಯೂ ಒಂದು ಮಾತು. ‘ಮುಂದಿನ ತಿಂಗಳು ಬಾ, ಲೆಕ್ಕ ಮಾಡಿ ಕೊಡುತ್ತೇನೆ’ ಎನ್ನುವ ರೂಢಿ ಇನ್ನು ನಡೆಯದು. ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ವೇತನದ ಬಾಕಿ ತೀರಿಸಬೇಕು. ‘ನಾಳೆಯಿಂದ ಬರಬೇಡ’ ಎಂಬ ಒಂದೇ ಮಾತಿನಲ್ಲಿ ಕೆಲಸ ಮುಗಿಸುವುದೂ ಸಲ್ಲದು. ವರ್ಷ ತುಂಬಿದವನನ್ನು ಜನ ಹೆಚ್ಚಾದರೆಂದು ತೆಗೆಯುವುದಾದರೆ ಒಂದು ತಿಂಗಳ ನೋಟೀಸು ಇಲ್ಲವೇ ಅದರ ಸಂಬಳ, ಜತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನ ಕೊಡಬೇಕು.

ವಾಳೂಜ್‌ನ ಆ ರಾತ್ರಿ

2023ರ ಡಿಸೆಂಬರ್ 31ರ ನಸುಕಿನಲ್ಲಿ ಛತ್ರಪತಿ ಸಂಭಾಜಿನಗರದ ವಾಳೂಜ್ ಎಂಐಡಿಸಿಯ ಕೈಗವಸು ತಯಾರಿಸುವ ಘಟಕವೊಂದಕ್ಕೆ ಬೆಂಕಿ ಬಿತ್ತು. ಕೆಲಸದ ವೇಳೆಯಲ್ಲ ಅದು, ಕಾರ್ಮಿಕರು ಒಳಗೆ ಮಲಗಿದ್ದರು. ಕೆಲವರು ಹೇಗೋ ಹೊರಬಂದರು. ಆರು ಮಂದಿ ಬರಲಿಲ್ಲ. ದುಡಿಯುವ ಜಾಗದಲ್ಲೇ ಮಲಗುವುದು ಕೈಗವಸಿನ ಕಾರ್ಖಾನೆಯ ರೂಢಿ ಮಾತ್ರವಲ್ಲ ಎಂಬುದು ನಮಗೆಲ್ಲ ಗೊತ್ತು. ರಾತ್ರಿ ಶಟರ್ ಎಳೆದು, ಹೊರಗಿನಿಂದ ಬೀಗ ಹಾಕಿ, ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲಿ ಹುಡುಗರನ್ನು ಮಲಗಿಸುವ ಹೊಟೇಲುಗಳು ಎಲ್ಲ ಪೇಟೆಗಳಲ್ಲೂ ಇವೆ. ಮಾಲಕರು ಕೆಟ್ಟವರೆಂದಲ್ಲ, ಬಾಡಿಗೆ ಕೋಣೆ ದುಬಾರಿ. ಆದರೆ ಹೊರಗಿನ ಬೀಗ ಒಂದನ್ನಾದರೂ ಈ ರಾತ್ರಿಯಿಂದಲೇ ಬಿಡಬಹುದು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಈಗ ಲೆಕ್ಕ. ತಿಂಗಳಿಗೆ 15,000 ರೂಪಾಯಿ ಪಡೆಯುವ 25 ವರ್ಷದ ಹುಡುಗ ಕೆಲಸದಲ್ಲಿದ್ದಾಗ ಅಪಘಾತದಿಂದ ತೀರಿಕೊಂಡ ಎಂದು ಇಟ್ಟುಕೊಳ್ಳಿ. ಅವನ ಹೆಸರು ಇಎಸ್‌ಐಯಲ್ಲಿ ಇದ್ದರೆ ತಿಂಗಳಿಗೆ ಮಾಲಕರು ಕಟ್ಟುವುದು ಶೇ. 3.25, ಅಂದರೆ 487 ರೂಪಾಯಿ 50 ಪೈಸೆ. ಹುಡುಗನ ಪಾಲು ಶೇ. 0.75, ಅಂದರೆ 112 ರೂಪಾಯಿ 50 ಪೈಸೆ. ಅಷ್ಟಕ್ಕೆ ಅವನ ಅವಲಂಬಿತರಿಗೆ ವೇತನದ ಶೇ. 90ರ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ ಹೋಗುತ್ತದೆ, ಮಾಲಕರ ಹೊಣೆ ಅಲ್ಲಿಗೆ ಮುಗಿಯಿತು. ಇಎಸ್‌ಐ ಇಲ್ಲದಿದ್ದರೆ? 1923ರ ಪರಿಹಾರ ಕಾಯ್ದೆಯಿಂದ ಬಂದ ಸೂತ್ರದಂತೆ ವೇತನದ ಅರ್ಧ 7,500 ರೂಪಾಯಿಯನ್ನು ಆ ವಯಸ್ಸಿನ ಗುಣಕ 216.91ರಿಂದ ಗುಣಿಸಬೇಕು. ಬರುವ ಮೊತ್ತ 16,26,825 ರೂಪಾಯಿ. ಅದನ್ನು ಕೊಡಬೇಕಾದವರು ಮಾಲಕರು, ತಮ್ಮ ಕಿಸೆಯಿಂದ. ಒಂದು ತಿಂಗಳೊಳಗೆ ಕೊಡದೆ ಇದ್ದರೆ ಶೇ. 12 ಬಡ್ಡಿ, ಕಾರಣವಿಲ್ಲದ ವಿಳಂಬಕ್ಕೆ ಅರ್ಧದಷ್ಟು ತನಕ ದಂಡವೂ ಬೀಳಬಹುದು. ಹಾಜರಿ ಪುಸ್ತಕವನ್ನು ಒಂಬತ್ತಕ್ಕೆ ನಿಲ್ಲಿಸಿದ ಜಾಣತನದ ಬೆಲೆ ಇದು.

ಇಎಸ್‌ಐ ಎಂದರೆ ಸಾವಿನ ಮಾತು ಮಾತ್ರವಲ್ಲ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳ ತನಕ ಶೇ. 70ರಷ್ಟು ವೇತನ, ಹೆರಿಗೆಗೆ 26 ವಾರಗಳ ಪೂರ್ಣ ವೇತನ, ಕುಟುಂಬಕ್ಕೂ ಚಿಕಿತ್ಸೆ. ತಿಂಗಳಿಗೆ 21,000 ರೂಪಾಯಿ ತನಕದ ವೇತನದವರು ಇದರೊಳಗೆ ಬರುತ್ತಾರೆ. ನಾಸಿಕ್‌ನ ಸಾತಪುರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಎಣ್ಣೆ ಸಿಡಿದು ಕೈ ಸುಟ್ಟ ಹುಡುಗನನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿ ಬಿಲ್ಲು ಕಟ್ಟುವ ಮಾಲಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರ ಒಳ್ಳೆಯತನವನ್ನು ಯಾರೂ ಅಲ್ಲಗಳೆಯರು. ಆದರೆ ಆ ಬಿಲ್ಲು ಕಟ್ಟಿದ್ದಕ್ಕೆ ಕಾನೂನಿನಲ್ಲಿ ರಶೀದಿ ಇಲ್ಲ.

ಪಿಎಫ್‌ನಲ್ಲಿ ಇಬ್ಬರದೂ ಶೇ. 12. ಅದರೊಟ್ಟಿಗೆ ಬರುವ ಜೀವವಿಮೆ ಏಳು ಲಕ್ಷ ರೂಪಾಯಿ ತನಕ, ಅದಕ್ಕೆ ಕೆಲಸಗಾರ ಏನೂ ಕಟ್ಟಬೇಕಾಗಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಬಿಟ್ಟುಹೋದ ಹೆಸರುಗಳನ್ನು ಸೇರಿಸಲೆಂದು ಭವಿಷ್ಯ ನಿಧಿ ಸಂಸ್ಥೆ 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರ ಅವಧಿಗೆ ವಿಶೇಷ ಅಭಿಯಾನವನ್ನು ಪ್ರಕಟಿಸಿತ್ತು. ಹಳೆಯ ಬಾಕಿಯಲ್ಲಿ ಕೆಲಸಗಾರನಿಂದ ಕಡಿತ ಮಾಡದಿದ್ದ ಪಾಲನ್ನು ಅದರಲ್ಲಿ ಮನ್ನಾ ಮಾಡಲಾಗಿತ್ತು, ದಂಡವೂ ಹೆಸರಿಗೆ ಮಾತ್ರ. ಇಂಥ ಅವಕಾಶಗಳ ಸುದ್ದಿಯನ್ನು ಸಂಘಗಳು ಸದಸ್ಯರಿಗೆ ಸಕಾಲದಲ್ಲಿ ಮುಟ್ಟಿಸಿದರೆ ಒಂದು ಸನ್ಮಾನ ಸಮಾರಂಭಕ್ಕಿಂತ ಹೆಚ್ಚಿನ ಉಪಕಾರವಾದೀತು.

ಮೂವತ್ತು ವರ್ಷದ ಭಟ್ಟರು

ಮೂವತ್ತು ವರ್ಷ ಒಂದೇ ಹೊಟೇಲಿನಲ್ಲಿ ಸಾಂಬಾರಿನ ರುಚಿ ಕಾಪಾಡಿದ ಅಡುಗೆ ಭಟ್ಟರು ಊರಿಗೆ ಮರಳುವಾಗ ಶಾಲು, ಹಣ್ಣುಹಂಪಲು, ಒಂದು ಲಕೋಟೆ ಕೊಡುವುದು ನಮ್ಮ ಪದ್ಧತಿ. ಲಕೋಟೆಯಲ್ಲಿ ಎಷ್ಟಿರಬೇಕು ಎಂಬುದನ್ನು ಮಾಲಕರ ಮನಸ್ಸು ನಿರ್ಧರಿಸುತ್ತದೆ. ಕಾನೂನಿನ ಲೆಕ್ಕ ಬೇರೆ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಕೊನೆಯ ವೇತನ 18,000 ಆಗಿದ್ದರೆ ಮೂವತ್ತು ವರ್ಷಕ್ಕೆ 3,11,538 ರೂಪಾಯಿ. ಇದು ಬಕ್ಷೀಸು ಅಲ್ಲ, ಹಕ್ಕು. ಮೂವತ್ತು ದಿನಗಳೊಳಗೆ ಕೊಡಬೇಕು, ತಡವಾದರೆ ಬಡ್ಡಿ.

ಮೊದಲೆಲ್ಲ ಐದು ವರ್ಷ ತುಂಬಿದರೆ ಮಾತ್ರ ಗ್ರಾಚ್ಯುಯಿಟಿ. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಹೆಸರು ತೆಗೆದು ಮತ್ತೆ ಬರೆಯುವ ಚಾಳಿ ಕೆಲವೆಡೆ ಇತ್ತು. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಗೆ ಒಪ್ಪಂದದ ಮೇಲೆ ಸೇರಿದವನಿಗೆ ಒಂದು ವರ್ಷ ದುಡಿದರೂ ಆ ಪ್ರಮಾಣದಲ್ಲಿ ಗ್ರಾಚ್ಯುಯಿಟಿ ಸಲ್ಲಬೇಕು. ಸಂಬಳವನ್ನು ಮೂಲ ವೇತನ ಕಡಿಮೆ, ಭತ್ಯೆ ಹೆಚ್ಚು ಎಂದು ಒಡೆದು ಬರೆಯುವ ಉಪಾಯಕ್ಕೂ ಕತ್ತರಿ ಬಿದ್ದಿದೆ. ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ.

ಹಳೆಯ ಧಣಿಗಳ ಒಂದು ಒಳ್ಳೆಯ ರೂಢಿ ಮಾತ್ರ ಈಗ ಕಾಯ್ದೆಯ ಪುಸ್ತಕವನ್ನೇ ಸೇರಿದೆ. ಹೊರರಾಜ್ಯದ ಹತ್ತು ಮಂದಿ ದುಡಿಯುವಲ್ಲಿ ಅವರಿಗೆ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ಪ್ರಯಾಣದ ಖರ್ಚು ಕೊಡಬೇಕೆಂದು ಔದ್ಯೋಗಿಕ ಸುರಕ್ಷಾ ಸಂಹಿತೆ ಹೇಳುತ್ತದೆ. 1979ರ ಕಾಯ್ದೆಯಲ್ಲಿ ಗುತ್ತಿಗೆದಾರ ಕರೆತಂದವರಿಗಷ್ಟೇ ಇದ್ದ ರಕ್ಷಣೆ ಈಗ ತಾನಾಗಿ ಬಂದವನಿಗೂ ಇದೆ.

ಚಿಕ್ಕವರು, ಹೆಂಗಸರು

ಮಾಣಿಯ ಕಾಲದ ಕತೆಯನ್ನು ಹೆಮ್ಮೆಯಿಂದ ಹೇಳುವವರು ಒಂದು ಗೆರೆ ನೆನಪಿಟ್ಟುಕೊಳ್ಳಬೇಕು. ಹೊಟೇಲು, ಧಾಬಾ, ಚಹಾ ಅಂಗಡಿಗಳಲ್ಲಿ ಮಕ್ಕಳ ದುಡಿಮೆಯನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿ 14ರ ಒಳಗಿನವರನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದಿತು. ಆರು ತಿಂಗಳಿಂದ ಎರಡು ವರ್ಷ ಜೈಲು, 20,000ದಿಂದ 50,000 ರೂಪಾಯಿ ದಂಡ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ. ‘ಅವನ ತಂದೆಯೇ ಕಳುಹಿಸಿದ’ ಎಂಬುದು ಉತ್ತರವಲ್ಲ. 2022ರಲ್ಲಿ ಇದೇ ನಾಸಿಕ್ ಜಿಲ್ಲೆಯ ಇಗತ್ಪುರಿ ತಾಲೂಕಿನ ಕಾತಕರಿ ಆದಿವಾಸಿ ಮಕ್ಕಳನ್ನು ಪಕ್ಕದ ಜಿಲ್ಲೆಯ ಕುರಿಗಾಹಿಗಳ ಬಳಿ ಕೆಲವೇ ಸಾವಿರ ರೂಪಾಯಿಗೆ ದುಡಿಮೆಗೆ ಬಿಟ್ಟದ್ದು, ಅದರಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ಸತ್ತದ್ದು ಬೆಳಕಿಗೆ ಬಂತು. ಅಲ್ಲೂ ಕಳುಹಿಸಿದವರು ಬಡ ತಂದೆತಾಯಿಗಳೇ. ಮುಂಗಡ ಕೊಟ್ಟು ಜನರನ್ನು ಕಟ್ಟಿಹಾಕುವುದು 1976ರಿಂದ ಅಪರಾಧ.

ಹತ್ತು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳ ತಡೆಯಲು ಆಂತರಿಕ ಸಮಿತಿ ಇರಬೇಕು, ಅದರ ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಇಲ್ಲದಿದ್ದರೆ 50,000 ರೂಪಾಯಿ ತನಕ ದಂಡ. ಸಣ್ಣ ಹೊಟೇಲಿನ ಮಾವಶಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆ ಸಮಿತಿ ಇದೆ ಎಂದು ಅವಳಿಗೆ ಹೇಳುವವರು ಯಾರು ಎಂಬುದೇ ಪ್ರಶ್ನೆ.

ನಾಮಫಲಕದ ವಿಷಯ ಎಲ್ಲರಿಗೂ ಗೊತ್ತಾಗಿದೆ: 2022ರ ತಿದ್ದುಪಡಿಯಂತೆ ಎಲ್ಲ ಅಂಗಡಿಗಳ ಫಲಕದಲ್ಲಿ ದೇವನಾಗರಿ ಮರಾಠಿ ಇರಲೇಬೇಕು, ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್‌ನಲ್ಲಿ ಎರಡು ತಿಂಗಳ ಗಡುವನ್ನೂ ಕೊಟ್ಟಿತ್ತು. ಗಾಜು ಒಡೆದೀತೆಂಬ ಭಯದಲ್ಲಿ ಫಲಕವನ್ನು ಎಲ್ಲರೂ ಬದಲಿಸಿದರು. ಒಳಗಿನ ಹಾಜರಿ ಪುಸ್ತಕಕ್ಕೆ ಅಂಥ ಭಯ ಹುಟ್ಟಿಸುವವರಿಲ್ಲ.

ಸಂಘವೂ ಮಾಲಕನೇ

ಕೊನೆಯದಾಗಿ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಒಂದು ಮಾತು. ಸಭಾಭವನ ಕಟ್ಟಿದ ಮೇಲೆ ಕಾವಲುಗಾರ, ಕಚೇರಿಗೊಬ್ಬ ಗುಮಾಸ್ತ, ಕಸ ಗುಡಿಸುವ ಮಾವಶಿ, ಶಾಲೆಯಿದ್ದರೆ ಶಿಕ್ಷಕರು. ‘ನಮ್ಮದು ಸೇವಾ ಸಂಸ್ಥೆ, ನಮಗೆ ಕಾರ್ಮಿಕ ಕಾಯ್ದೆ ಯಾಕೆ?’ ಎಂದು ಮಹಾಸಭೆಗಳಲ್ಲಿ ಕೇಳಿಬರುವುದುಂಟು. ಈ ಪ್ರಶ್ನೆಗೆ ಉತ್ತರ ಹುಟ್ಟಿದ್ದು ನಮ್ಮ ಕರ್ನಾಟಕದ ಪ್ರಕರಣದಲ್ಲೇ. ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ನಡುವಿನ ಮೊಕದ್ದಮೆಯಲ್ಲಿ 1978ರ ಫೆಬ್ರವರಿಯಲ್ಲಿ ಏಳು ನ್ಯಾಯಾಧೀಶರ ಪೀಠ, ಮಾಲಕ-ಕೆಲಸಗಾರರ ಸಹಕಾರದಿಂದ ವ್ಯವಸ್ಥಿತವಾಗಿ ಸರಕು ಅಥವಾ ಸೇವೆ ಒದಗಿಸುವ ಚಟುವಟಿಕೆ ಲಾಭಕ್ಕಲ್ಲದಿದ್ದರೂ ‘ಕೈಗಾರಿಕೆ’ಯೇ ಎಂದಿತು. ಆಸ್ಪತ್ರೆ, ಶಾಲೆ, ಕ್ಲಬ್ಬುಗಳೆಲ್ಲ ಅದರೊಳಗೆ ಬಂದವು. 2017ರಲ್ಲಿ ಈ ವ್ಯಾಖ್ಯೆಯನ್ನು ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲಾಯಿತು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯು ಸಂಪೂರ್ಣವಾಗಿ ಅಥವಾ ಬಹುಪಾಲು ದಾನ-ಸೇವೆಯಲ್ಲಿ ತೊಡಗಿದ ಸಂಸ್ಥೆಗಳನ್ನು ‘ಕೈಗಾರಿಕೆ’ಯ ಹೊರಗಿಟ್ಟಿದೆ.

ಇದರಿಂದ ಸಂಘಗಳು ನಿರಾಳವಾದವು ಎಂದುಕೊಳ್ಳಬೇಡಿ. ಆ ವಿನಾಯಿತಿ ಕೈಗಾರಿಕಾ ವಿವಾದಗಳ ಮಟ್ಟಿಗೆ ಮಾತ್ರ. ಕನಿಷ್ಠ ವೇತನ ಸಂಘದ ಒಬ್ಬನೇ ಕಾವಲುಗಾರನಿಗೂ ಅನ್ವಯ. ಹತ್ತು ಮಂದಿ ಇರುವ ಶಾಲೆಯ ಶಿಕ್ಷಕರಿಗೆ ಗ್ರಾಚ್ಯುಯಿಟಿ ಇದೆ. 2004ರಲ್ಲಿ ಸುಪ್ರೀಂ ಕೋರ್ಟು ಇಲ್ಲವೆಂದಿತ್ತು, ಸಂಸತ್ತು 2009ರಲ್ಲಿ ಕಾಯ್ದೆ ತಿದ್ದಿ 1997ರ ಏಪ್ರಿಲ್ 3ರಿಂದಲೇ ಅದನ್ನು ಕೊಟ್ಟಿತು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ವಾರ್ಷಿಕ ಲೆಕ್ಕಪತ್ರ ಮಂಡಿಸುವಾಗ ಕಾರ್ಯಕ್ರಮದ ಖರ್ಚು, ಹೂಹಾರದ ಖರ್ಚಿನ ಸಾಲುಗಳ ನಡುವೆ ‘ಗ್ರಾಚ್ಯುಯಿಟಿಗೆ ಮೀಸಲು’ ಎಂಬ ಸಾಲು ಇದೆಯೇ ಎಂದು ಲೆಕ್ಕಪರಿಶೋಧಕರನ್ನು ಸದಸ್ಯರು ಕೇಳಬಹುದು.

ನಾಸಿಕ್ ಹಾಗೂ ಛತ್ರಪತಿ ಸಂಭಾಜಿನಗರ ಎರಡೂ ಕಡೆ ಭವಿಷ್ಯ ನಿಧಿಯ ಪ್ರಾದೇಶಿಕ ಕಚೇರಿಗಳಿವೆ, ರಾಜ್ಯದ ಕಾರ್ಮಿಕ ಇಲಾಖೆಯ ಕಚೇರಿಗಳೂ ಇವೆ. 2017ರ ಕಾಯ್ದೆಯಲ್ಲಿ ಇನ್‌ಸ್ಪೆಕ್ಟರ್ ಎಂಬ ಹೆಸರು ಹೋಗಿ ‘ಫೆಸಿಲಿಟೇಟರ್’ ಎಂಬ ಹೆಸರು ಬಂದಿದೆ, ಮಾಲಕರಿಗೆ ತಿಳಿಹೇಳುವುದೂ ಅವರ ಕೆಲಸ. ಅವರಲ್ಲೊಬ್ಬರನ್ನು ಒಂದು ಭಾನುವಾರ ಸಂಘದ ಸಭಾಭವನಕ್ಕೆ ಕರೆಸಿ, ಈಗಿನ ಕನಿಷ್ಠ ವೇತನದ ಪಟ್ಟಿ, ಗುಮಾಸ್ತಾದ ಹೊಸ ಅಂಕೆ, ರಾಜ್ಯದ ನಿಯಮಗಳನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳಲು ಅಡ್ಡಿಯಿಲ್ಲ. ಸಭೆ ಮಧ್ಯಾಹ್ನ ಮೂರಕ್ಕೆ ಇಟ್ಟರೆ ಒಳ್ಳೆಯದು, ಊಟದ ಗಿರಾಕಿ ಮುಗಿದು ಸಂಜೆಯ ಚಹಾಕ್ಕೆ ಮುನ್ನ ಮಾಲಕರಿಗೆ ಬಿಡುವಿರುವುದು ಆಗ ಮಾತ್ರ.